ಮನಿಷಾಳ ಪಾಲಿನ ಮೊಟ್ಟೆ

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಮೊಟ್ಟೆ ತಿನ್ನಲು ಕಲಿತೆ. ಸರಕಾರದ ಖರ್ಚಿನಲ್ಲಿ, ಅದೂ ಒಂದು ಮಗುವಿನ ಪಾಲಿನದು.

ಖಾನಾಪುರದ ಹತ್ತಿರ ಒಂದು ಸರಕಾರಿ ಶಾಲೆಯಲ್ಲಿ ನಾನು ಏಳನೇ ತರಗತಿಯ ಟೀಚರ್. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ಬೆಳಿಗ್ಗೆ ರೈಲು ಹತ್ತಿದರೆ ದೇಸೂರ ಸ್ಟೇಷನ್ ಬರುವಷ್ಟರಲ್ಲಿ ಜಡೆ ಹೆಣೆದು ಮುಗಿಸಿರುತ್ತೇನೆ. ಜೂನ್ ಕೊನೆಯಲ್ಲಿ ನಮ್ಮತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಎತ್ತಿ ಕೂರಿಸಬೇಕು, ಗಂಜಿ ಕುಡಿಸಬೇಕು, ಬೆಡ್‌ಪ್ಯಾನ್ ಇಡಬೇಕು. ನನ್ನ ಗಂಡ ಗುರುಪುತ್ರಪ್ಪ ಬ್ಯಾಂಕಿನಿಂದ ನಿವೃತ್ತರಾಗಿ ಎರಡು ವರ್ಷ. ಇಡೀ ದಿನ ಅವ್ವನ ಮಂಚದ ಬಾಜು ಕುರ್ಚಿಯಲ್ಲೇ ಪೇಪರ್ ಓದುತ್ತಾರೆ. ಆದರೂ ‘ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲ’ ಎಂದು ನಾವಿಬ್ಬರೂ ಒಂದೇ ದನಿಯಲ್ಲಿ ಊರಿಗೆಲ್ಲ ಹೇಳಿದೆವು. ಆ ಮಾತಿನಲ್ಲಿ ಏನೋ ತಪ್ಪಿದೆ ಅಂತ ನನಗೆ ಹೊಳೆಯಲೂ ಇಲ್ಲ.

ನನ್ನ ತರಗತಿಯ ಮನಿಷಾಳಿಗೆ ಹನ್ನೆರಡು ವರ್ಷ. ಗಟ್ಟಿ ಕೈಕಾಲಿನ ಹುಡುಗಿ. ಅವಳ ತಾಯಿ ರೇಣವ್ವ ಭತ್ತದ ನಾಟಿಗೆ ಹೋಗುವವಳು, ಅತ್ತೆಯನ್ನು ನೋಡಿಕೊಳ್ಳಲು ಎಂಟು ದಿನ ಮಗಳನ್ನು ಕಳಿಸು ಎಂದು ಕೇಳಿದ್ದಕ್ಕೆ ಗದ್ದೆಯಲ್ಲೇ ನಿಂತು ಹೇಳಿದಳು: “ಕರಕೊಂಡ್ ಹೋಗ್ರಿ ಟೀಚರ. ಎಂಟ ದಿನದಾಗ ಯಾವ ವಿದ್ಯಾ ಓಡಿ ಹೋಗೂದೈತಿ.”

ಎಂಟು ದಿನ ಎರಡು ತಿಂಗಳಾಯಿತು.

ಮಗು ಶಾಲೆಗೆ ಬರದಿದ್ದರೆ ಅದರ ಮನೆಗೆ ಹೋಗಿ ಕರೆತರುವುದು ತರಗತಿಯ ಟೀಚರ್ ಕೆಲಸ. ಮನಿಷಾಳಿಗೆ ಗೈರು ಬರೆದರೆ ನಾನು ನನ್ನ ಮನೆಗೇ ಹೋಗಿ, ನನಗೇ ಬುದ್ಧಿ ಹೇಳಿ ಬರಬೇಕಾಗುತ್ತಿತ್ತು. ಅದಕ್ಕೇ ದಿನವೂ ಹಾಜರಿ ಹಾಕಿದೆ. ಹುಡುಗಿ ಟೀಚರ್‌ನ ಮನೆಯಲ್ಲಿದ್ದಾಳೆ ಅಂದರೆ ಮುಕ್ಕಾಲು ಪಾಲು ಶಾಲೆಯಲ್ಲಿದ್ದಂತೆಯೇ. ಜೂನ್ ಹನ್ನೆರಡಕ್ಕೆ ಬಾಲಕಾರ್ಮಿಕ ವಿರೋಧಿ ಪ್ರತಿಜ್ಞೆ ಹೇಳಿಸಿದವಳೂ ನಾನೇ. ನನ್ನ ದನಿ ಮೈಕಿಲ್ಲದೆ ಕೇಳಿಸುತ್ತದೆ.

ಹಾಜರಿ ಹಾಕಿದರೆ ಮೊಟ್ಟೆಯೂ ಬರುತ್ತದೆ. ಬಿಸಿಯೂಟದಲ್ಲಿ ದಿನಕ್ಕೊಂದು ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಮನಿಷಾ ಮೊಟ್ಟೆಯ ಪಟ್ಟಿಯಲ್ಲಿದ್ದಳು. ಮೊದಲ ವಾರವೇ ಅಡುಗೆಯ ಸತ್ಯವ್ವ ತಟ್ಟೆ ಹಿಡಿದು ನನ್ನ ಹತ್ತಿರ ಬಂದಳು.

“ದಿನಾ ಒಂದ್ ಉಳೀತೈತ್ರಿ.”

“ಯಾರಿಗರ ಕೊಡು.”

“ಒಬ್ಬರಿಗ್ ಕೊಟ್ರ ಉಳದವ್ರು ಹೊಡದಾಡ್ತಾವು. ನೀವ ತಿನ್ರಿ.”

“ನಾವು ಲಿಂಗವಂತರು ತಿನ್ನಾಂಗಿಲ್ಲ, ಗೊತ್ತಿಲ್ಲೇನು?”

“ಲಿಂಗ ಸೀರಿಯೊಳಗೈತ್ರಿ. ಅದಕ್ಕೇನ್ ಕಾಣ್ತೈತಿ.”

ಮೊದಲ ದಿನ ಬಿಳಿಯ ಭಾಗವನ್ನಷ್ಟೇ ತಿಂದೆ. ಮೂರನೆಯ ದಿನ ಉಪ್ಪು ಕೇಳಿದೆ. ಹದಿನೈದನೆಯ ದಿನ ಸತ್ಯವ್ವ ತಡಮಾಡಿದಾಗ ಸಿಟ್ಟೇ ಬಂತು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಮನೆಯವರಿಗೆ ಗೊತ್ತಿಲ್ಲದೆ ನಾನು ಮಾಡಿದ ಮೊದಲ ಕೆಲಸ ಅದು. ನಿಜ ಹೇಳಬೇಕೆಂದರೆ ನನಗೆ ಮೊಟ್ಟೆಗಿಂತ ಗುಟ್ಟೇ ಹೆಚ್ಚು ರುಚಿಸಿತು. ಅದು ಯಾರ ತಟ್ಟೆಯದು ಅಂತ ಯೋಚಿಸಿದ್ದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅದಕ್ಕೇ ಯೋಚಿಸಲಿಲ್ಲ.

ಆಗಸ್ಟ್ ಕೊನೆಯ ಶನಿವಾರ ಹಾಜರಿ ಪುಸ್ತಕವನ್ನು ಮನೆಗೆ ತಂದು ಅತ್ತೆಯ ಮಂಚದ ಪಕ್ಕ ಕೂತು ತಿಂಗಳ ಲೆಕ್ಕ ಮುಗಿಸುತ್ತಿದ್ದೆ. ನೆಲ ಒರೆಸುತ್ತಿದ್ದ ಮನಿಷಾ ಬಗ್ಗಿ ನೋಡಿದಳು.

“ಟೀಚರ, ಇದರಾಗ ನಾ ದಿನಾ ಸಾಲಿಗೆ ಬಂದೀನಿ.”

“ನಿನ್ನ ಹೆಸರು ಹೋಗಬಾರದು ಅಂತ ಹಾಕೇನವ್ವಾ.”

ಅವಳು ಬೆರಳಲ್ಲಿ ಲೆಕ್ಕ ಹಾಕಿದಳು. “ಹಂಗಾರ ನನ್ನ ಮೊಟ್ಟಿ ಯಾರು ತಿಂತಾರ್ರಿ?”

ಗಂಡನ ಪೇಪರ್ ಮಡಚಿಕೊಂಡಿತು. ಅತ್ತೆಗೆ ಸೊಂಟ ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. “ಈ ಮನ್ಯಾಗ ಯಾವ ಮೊಟ್ಟಿ?” ಅಂದರು.

“ನಾಳಿಂದ ಇಲ್ಲೇ ಏನರ ತಂದ್ ಕೊಡ್ತೀನಿ,” ಎಂದು ಮನಿಷಾಳ ಕಿವಿಯಲ್ಲಿ ಪಿಸುಗುಟ್ಟಿದೆ.

“ಬ್ಯಾಡ್ರಿ,” ಅವಳು ಗಟ್ಟಿಯಾಗೇ ಹೇಳಿದಳು. “ನಾ ಸಾಲಿಗೆ ಹೋಗೇ ತಿಂತೀನಿ. ಪುಸ್ತಕದಾಗ ನಾ ಅಲ್ಲೇ ಇದ್ದೀನಲ್ಲ.”

ಫಿನಾಯಿಲಿಗೆ ಅವಳ ಬೆರಳುಗಳು ನನ್ನತ್ತೆಯ ಬೆರಳುಗಳಂತೆ ಸುಕ್ಕಾಗಿದ್ದವು. ಆ ಮೊಟ್ಟೆಗಳನ್ನು ನಾಯಿಗೆ ಹಾಕಿದೆವು ಅನ್ನಬಹುದಿತ್ತು. ಆ ಬೆರಳು ನೋಡಿಕೊಂಡು ಅನ್ನಲಾಗಲಿಲ್ಲ.

“ನಾನು ತಿಂದೆ,” ಅಂದೆ.

ಅತ್ತೆ ಬಸವಣ್ಣನ ಫೋಟೋ ನೋಡಿದರು, ಆಮೇಲೆ ನನ್ನನ್ನು. “ಇನ್ನ ನಿನ್ನ ಕೈಯಾಗಿನ ನೀರೂ ಬ್ಯಾಡ ನನಗ. ಎಲ್ಲಾ ಈ ಹುಡುಗಿನೇ ಮಾಡ್ಲಿ.”

ಖರೇ ಹೇಳಿ ಹುಡುಗಿಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕಿದ್ದೆ.

“ಅಜ್ಜಿ, ನಾನೂ ತಿಂತೀನ್ರಿ,” ಅಂದಳು ಮನಿಷಾ. “ನಮ್ಮ ಮನ್ಯಾಗ ಕುರಿನೂ ಕೊಯ್ತಾರ.”

ಅತ್ತೆ ಎರಡು ತಿಂಗಳು ಅವಳ ಕೈಯಿಂದ ಗಂಜಿ ಕುಡಿದಿದ್ದರು. ಯಾರ ಪೈಕಿ ಅಂತ ಒಮ್ಮೆಯೂ ಕೇಳಿರಲಿಲ್ಲ, ಕೇಳಿದರೆ ಉಪವಾಸ ಬೀಳಬೇಕಾಗುತ್ತಿತ್ತು. ಈಗ ಮೊಟ್ಟೆ ಮುಟ್ಟದ ಕೈ ಮನೆಯಲ್ಲಿ ಒಂದೇ ಉಳಿದಿತ್ತು. ಮಗನ ಕಡೆ ತಿರುಗಿ ಹೇಳಿದರು: “ಗುರುಪುತ್ರಾ, ಪೇಪರ್ ಕೆಳಗಿಡು.”

“ನನಗೇನ್ ಬರ್ತೈತಿ ಅವ್ವಾ?”

“ಬ್ಯಾಂಕ್ ನಡಸೀದಿ. ಬೆಡ್‌ಪ್ಯಾನ್ ನಡಸಾಕ ಬರೂದಿಲ್ಲೇನು?”

ಭಾನುವಾರವಿಡೀ ಮನಿಷಾ ನನ್ನ ಗಂಡನಿಗೆ ಪಾಠ ಮಾಡಿದಳು. “ಬಗಲಾಗ ಕೈ ಹಾಕ್ರಿ ಸಾಹೇಬ್ರ. ಜಗ್ಗಬ್ಯಾಡ್ರಿ, ಎತ್ರಿ.” ಮೂರನೆಯ ಸಲಕ್ಕೆ ಪಾಸಾದರು.

ಸೋಮವಾರ ಅವಳನ್ನು ಕರೆದುಕೊಂಡು ಶಾಲೆಗೆ ಹೋದೆ. ಹೆಡ್‌ಮಾಸ್ತರ ಲಕ್ಷ್ಮಪ್ಪನವರು ನಮ್ಮ ತರಗತಿಯ ಬಾಗಿಲಲ್ಲೇ ನಿಂತಿದ್ದರು. ಹುಡುಗರು, “ಎಲ್ಲಿ ಹೋಗಿದ್ದಿಲೇ?” ಎಂದು ಮುತ್ತಿಕೊಂಡರು. ಜ್ವರ ಅನ್ನುವ ಉತ್ತರವನ್ನು ನಾನು ರೈಲಿನಲ್ಲೇ ತಯಾರು ಮಾಡಿಟ್ಟುಕೊಂಡಿದ್ದೆ.

“ಟೀಚರ ಮನ್ಯಾಗ ಕೆಲಸಕ್ಕಿದ್ದೆ,” ಅಂದಳು ಮನಿಷಾ.

ಲಕ್ಷ್ಮಪ್ಪನವರು ಕನ್ನಡಕ ಸರಿಮಾಡಿಕೊಂಡರು. ನನ್ನ ಹಾಜರಿ ಪುಸ್ತಕಕ್ಕೆ ಪ್ರತಿ ತಿಂಗಳೂ ಸಹಿ ಹಾಕುವವರು ಅವರೇ. “ಹುಡುಗ್ರು ಏನೇನರ ಹೇಳ್ತಾವು. ಅಲ್ಲೇನ್ರಿ ಟೀಚರ?”

ಹೌದೆಂದು ತಲೆಯಾಡಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮೂವತ್ತು ಮಕ್ಕಳ ಮುಂದೆ ಅವಳು ಸುಳ್ಳುಬುರುಕಿಯಾಗುತ್ತಿದ್ದಳು, ಬಹುಶಃ ನಾಳೆಯಿಂದ ಬರುತ್ತಲೂ ಇರಲಿಲ್ಲ.

“ಖರೇನ ಹೇಳ್ಯಾಳ್ರಿ ಸರ್,” ಅಂದೆ.

ಅವರು ಆಫೀಸಿಗೆ ಹೋದರು. ನೋಟೀಸು ಬರೆಯುವಾಗ ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ಬಾಗಿಲು ಹಾಕಿದ ಸದ್ದು ಕೇಳಿಸಿತು. ಸೀಮೆಸುಣ್ಣ ಎತ್ತಿಕೊಂಡು ಆರನೇ ಪಾಠದ ಹೆಸರು ಬರೆಯತೊಡಗಿದೆ.

“ಟೀಚರ, ಎರಡನೇದರಿಂದ ಹೇಳ್ರಿ,” ಮನಿಷಾ ಹಿಂದಿನ ಸಾಲಿನಿಂದ ಅಂದಳು. “ನಾ ಇರಲಿಲ್ಲ.”

ಬರೆದದ್ದನ್ನು ಒರೆಸಿದೆ.