ಬಾಗಿಲ ಮೇಲಿನ ಚಪ್ಪಡಿ

ಒಂದ್ನಿಮಿಷ ಕೆಲಸ ಪಕ್ಕಕ್ಕಿಟ್ಟು ಇದನ್ನ ಕೇಳ್ರೀ, ಪೂರ್ತಿ ಕೇಳಿ, ಮಧ್ಯದಲ್ಲಿ ಎದ್ದು ಹೋಗ್ಬೇಡಿ. ಮೂವತ್ತೆಂಟನೇ ಇಸವಿ, ಆವನಿ ಹತ್ರ ಒಂದು ಹಳ್ಳಿ. ಎಲ್ಲಪ್ಪನಿಗೆ ತನ್ನ ಮಣ್ಣಿನ ಮನೆ ಮುಂದಿನ ಗೋಡೆಗೆ ಕಲ್ಲು ಹೊದಿಸ್ಬೇಕು ಅಂತ ಹಟ. ಬಂಡೆ ಹತ್ರ ಹೋಗಿ ಒಂದೊಂದು ಚಪ್ಪಡಿ ಮೇಲೂ ಚೊಂಬಲ್ಲಿ ನೀರು ಹುಯ್ದು ಬಣ್ಣ ನೋಡಿದ್ದೇ ನೋಡಿದ್ದು. ಕೊನೆಗೆ ನಸುಗೆಂಪಿಂದು, ಎರಡೇ ಬೆರಳು ದಪ್ಪದ್ದು, ಎಲ್ಲಾ ಒಂದೇ ಸಮ ಇರೋದನ್ನ ಆರಿಸ್ದ.

ಕಲ್ಲು ಕೆಲಸದ ಪೆದ್ದಪ್ಪ ಆಗ್ಲೇ ಅಂದಿದ್ದ. "ಸ್ವಾಮೀ, ಬಣ್ಣ ಗೋಡೆ ಹಿಡ್ಕೊಳಲ್ಲ. ಮಧ್ಯೆ ಮಧ್ಯೆ ಉದ್ದಗಲ್ಲು ಇಟ್ಟು ಗೋಡೆ ಒಳಕ್ಕೆ ಕಚ್ಚಿಸ್ಬೇಕು."

"ಅದ್ರ ಮೂತಿ ಹೊರಗೆ ಕಾಣುತ್ತಲ್ಲಯ್ಯಾ, ಹಲ್ಲುಬ್ಬಿದ ಮದುಮಗಳ ಥರ! ಬೇಡ ಬಿಡು."

ಹಂಗೇ ಕಲ್ಲು ಹೊದಿಸಿದ್ದಾಯ್ತು, ಒಂದು ವರ್ಷ ಊರೋರೆಲ್ಲ ನಿಂತು ನಿಂತು ನೋಡಿದ್ರು. ಆಮೇಲೆ ಹಿಡಿದ ಮಳೆ ಮೂರು ದಿನ ಬಿಡ್ಲಿಲ್ಲ. ನಾಲ್ಕನೇ ಬೆಳಗ್ಗೆ, ಕೊಟ್ಟಿಗೇಲಿ ಮಲಗಿದ್ದ ಎಲ್ಲಪ್ಪ ಅಂಗಳಕ್ಕೆ ಬಂದು ನೋಡ್ತಾನೆ, ಬಾಗಿಲ ಮೇಲಿನ ಚಪ್ಪಡಿಗಳು ಬಸುರಿ ಹೊಟ್ಟೆ ಥರ ಉಬ್ಬಿವೆ! ಒಳಗೆ ಮಗಳು ಶಾಮಲಮ್ಮ, ಐದು ದಿನದ ಬಾಣಂತಿ, ಜೊತೆಗೆ ಕೂಸು. ಮನೆಗೆ ಇರೋದು ಅದೊಂದೇ ಬಾಗಿಲು.

ಎದ್ದೂ ಬಿದ್ದೂ ಓಡಿ ಪೆದ್ದಪ್ಪನ್ನ ಕರ್ಕೊಂಡು ಬಂದ. ಪೆದ್ದಪ್ಪ ಬೆರಳ ಗೆಣ್ಣಲ್ಲಿ ಮೆಲ್ಲಗೆ ತಟ್ಟಿದ. ಬದ್, ಬದ್. ಟೊಳ್ಳು ಸದ್ದು, ಚಪ್ಪಡಿ ಹಿಂದಿನ ಮಣ್ಣು ಕೊಚ್ಚಿ ಹೋಗಿದೆ.

"ಮರ ಒರಗಿಸಿದ್ರೆ?"

"ಈ ಕೆಸರಲ್ಲಿ ಮರ ನಿಲ್ಲುತ್ತಾ? ಬಾಗಿಲು ತೆಗೆಯೋಕೆ ಹೋದ್ರೂ ಅದುರಿ ತಲೆ ಮೇಲೇ ಬರುತ್ತೆ. ಚಪ್ಪಡಿ ಬಿದ್ರೆ ಗೋಡೆ ಕೂರುತ್ತೆ, ಗೋಡೆ ಕೂತ್ರೆ ಸೂರು ಒಳಕ್ಕೆ. ಹಿಂದಿನ ಗೋಡೆ ಒಡೀರಿ ಸ್ವಾಮೀ, ನಾನಿಲ್ಲಿ ಕಣ್ಣಿಟ್ಟಿರ್ತೀನಿ."

ತನ್ನ ಮನೆಗೆ ತಾನೇ ಕನ್ನ! ಎಲ್ಲಪ್ಪ ಹಾರೆ ತಗೊಂಡು ಹಿತ್ತಲಿಗೆ ಓಡಿ ಗೋಡೆಗೆ ಹಾಕ್ದ.

"ಯಾರ್ಲಾ ಅದು? ಕೂಸು ಎದ್ಬಿಡ್ತು!" ಒಳಗಿಂದ ಶಾಮಲಮ್ಮ ಬೈದಳು.

"ನಾನೇ ಕಣಮ್ಮ. ಮೂಲೆಗೆ ಸರ್ಕೋ, ಆಮೇಲೆ ಹೇಳ್ತೀನಿ."

ತೂತು ಕೂಸು ತೂರೋವಷ್ಟಾಯ್ತು. ಕೂಸನ್ನ ಈಚೆಗೆ ತಗೊಂಡು, ಕಂಬಳಿ ಸುತ್ತಿ ಮಲಗಿಸ್ದ. ಅವಳು ತೂರೋಕೆ ಇನ್ನೂ ಹತ್ತೇಟಾದ್ರೂ ಬೇಕು. ಎರಡು ಹಾಕಿದ್ದ, ಅಷ್ಟರಲ್ಲಿ ಮುಂದ್ಗಡೆಯಿಂದ ಪೆದ್ದಪ್ಪನ ಕೂಗು. "ವದ್ದು ಸ್ವಾಮೀ, ವದ್ದು! ಹೊಡೀಬೇಡಿ, ಏಟೇಟಿಗೂ ಜಾರ್ತಾ ಇದೆ!"

ಎಲ್ಲಪ್ಪ ಎತ್ತಿದ ಹಾರೆ ತಡೆದ. ಹೊಡೆದ್ರೆ ಬೀಳುತ್ತೆ. ಸುಮ್ನಿದ್ರೂ ಬೀಳುತ್ತೆ.

"ಶಾಮೂ, ಮುಂಬಾಗಿಲಿಂದ ಓಡು! ಓಡಮ್ಮಾ!"

ಅಗುಳಿ ತೆಗೆದ ಸದ್ದು. ಹೆಜ್ಜೆ ಸದ್ದು. ಆಮೇಲೆ ಕಾಲಡಿ ನೆಲಾನೇ ಅದುರಿಹೋಯ್ತು. ಎಲ್ಲಪ್ಪ ಕೂಸು ಅವಚ್ಕೊಂಡು ಮನೆ ಸುತ್ತಿ ಬಂದ್ರೆ, ಮಗಳು ಕೆಸರಲ್ಲಿ ಬೋರಲು ಬಿದ್ದಿದ್ಳು. ಉಸಿರಿತ್ತು. ಎಡಗಾಲಿನ ಪಾದ ಚಪ್ಪಡಿ ಅಡಿ ಇತ್ತು.

ಪಾದ ಹೋಯ್ತು, ಜೀವ ಉಳೀತು. ಕೋಲೂರ್ಕೊಂಡೇ ಮಗೂನ ಬೆಳೆಸಿದ್ಳು, ಅಪ್ಪನ್ನ ಒಂದ್ಮಾತೂ ಅನ್ಲಿಲ್ಲ. ಆದ್ರೆ ಎಲ್ಲಪ್ಪನಿಗೆ ನಿದ್ದೆ ಹತ್ಲಿಲ್ಲ ರೀ, ಯಾಕಂದ್ರೆ ಬಿದ್ದಿದ್ದು ಮುಂದಿನ ಅರ್ಧ ಸೂರು ಮಾತ್ರ. ಅವಳು ನಿಂತಿದ್ದ ಹಿಂದಿನ ಮೂಲೆ ಹಂಗೇ ನಿಂತಿತ್ತು, ಒಂದು ಹೆಂಚೂ ಕದಲದೆ.

ಅದು ಆಗ ಯಾರಿಗ್ಗೊತ್ತಿತ್ತು? ಹಾರೆ ನಿಮ್ಮ ಕೈಲಿದ್ದಿದ್ರೆ, ನೀವು ಹೊಡೀತಿದ್ರಾ, ಇಲ್ಲ ಓಡು ಅಂತಿದ್ರಾ?