ಏಳು ಕೊನೆಯ ಕಥೆ

ರೈಲಿನ ಕಿಟಕಿಯ ಸರಳಿಗೆ ಯಾರದೋ ಗಂಟಿನಿಂದ ಜಾರಿದ ಮೆಂತ್ಯೆಯ ಒಂದು ಎಳೆ ಸಿಕ್ಕಿಕೊಂಡು ನಡುಗುತ್ತಿತ್ತು, ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ — ಇಷ್ಟು ನಡುಕಕ್ಕೆ ಎಷ್ಟು ಚಿತ್ರ ಬೇಕು, ಸೌಂದರ್ಯಾಳ ಬೆರಳು ಮಡಿಲ ಮೇಲೆ ತಾನಾಗಿಯೇ ಲೆಕ್ಕ ಹಾಕತೊಡಗಿತು, ಒಂದು ಸೆಕೆಂಡಿಗೆ ಹನ್ನೆರಡು, ದೇಟು ಒಂದು, ಎಲೆ ಮೂರು, ಹಿಂದಿನ ಎರೆಹೊಲವನ್ನು ಉದ್ದನೆಯ ಹಾಳೆಯಲ್ಲಿ ಒಮ್ಮೆ ಬರೆದು ಎಳೆದರಾಯಿತು, ಹೊಲ ಓಡುತ್ತದೆ, ಗಾಡಿ ಓಡಿದಂತೆ ಕಾಣುತ್ತದೆ — ಕುಂದಗೋಳ ದಾಟಿತಲ್ಲ, ಇನ್ನೇನು ಗುಡಗೇರಿ, ಜಹೀರಾಳಿಗೆ ಹೇಳಬೇಕಾದ ಮಾತು ಮಾತ್ರ ಕಲಘಟಗಿಯಲ್ಲಿ ಬಸ್ಸು ಹತ್ತಿದಾಗ ಎಲ್ಲಿತ್ತೋ ಅಲ್ಲೇ ಇದೆ. ನಾ ನಿನ್ನ ಕೇಳದs ಕಳಿಸೇನಿ ಜಹೀರಾ. ಇಲ್ಲ, ಹಾಗಲ್ಲ, ಮೊದಲು ಖುಷಿಯ ಸುದ್ದಿ ಹೇಳಬೇಕು, ನಮ್ಮ ಕಥಿ ಅನಿಮೆ ಆಗತೈತಿ, ಹನ್ನೆರಡು ಕಂತು, ನಾನು ಬರೆದ ಗೊಂಬೆಗಳು ನಡೀತಾವ, ಉಸುರು ಆಡ್ತಾವ — ಆಮೇಲೆ ಮೆಲ್ಲಗೆ, ಒಂದು ಕೊನಿ ಆರಿಸಿ ಕಳಿಸೇನಿ ಅಂತ. ಶಂಕ್ರಪ್ಪ ಕಾಕಾನ ಅಂಗಡಿಯಲ್ಲಿ ತೊಟ್ಟಿಲ ಹಲಗೆಗೆ ಬಣ್ಣ ಹಾಕುತ್ತಲೇ ಬೆಳೆದವಳು ಸೌಂದರ್ಯಾ, ಬಾಜೂ ಮನೆಯ ಟೀವಿಯಲ್ಲಿ ಸಂಜೆ ಐದಕ್ಕೆ ಬರುತ್ತಿದ್ದ ಜಪಾನಿನ ಗೊಂಬೆಗಳು ಗಾಳಿಗೆ ಕೂದಲು ಹಾರಿಸಿಕೊಂಡು ನಿಲ್ಲುವುದನ್ನು ಬಾಗಿಲ ಸಂದಿಯಿಂದ ನೋಡಿ, ತೊಟ್ಟಿಲ ಮೇಲಿನ ದೇವರ ಕೂದಲನ್ನೂ ಹಾಗೇ ಹಾರಿಸಿ, ಕಾಕಾನ ಕೈಯಲ್ಲಿ ತಲೆಗೆ ಮೊಟಕಿಸಿಕೊಂಡಿದ್ದಳು, ಕೃಷ್ಣಪ್ಪಗ ಏನ ಫ್ಯಾನ್ ಹಚ್ಚೀಯೇನs ಬೇ.

ಜಹೀರಾ ಸಿಕ್ಕಿದ್ದು ಹುಬ್ಬಳ್ಳಿಯ ಕಾಲೇಜಿನಲ್ಲಿ. ದಿನಾ ಗುಡಗೇರಿಯಿಂದ ಇದೇ ದಾರಿಯ ಗಾಡಿಗೆ ಬರುತ್ತಿದ್ದಳು, ಹಿಂದಿನ ಬೆಂಚಿನಲ್ಲಿ ಕೂತು ನೋಟುಬುಕ್ಕಿನ ಕೊನೆಯ ಪುಟದಿಂದ ಹಿಂದಕ್ಕೆ ಏನೇನೋ ಬರೆಯುತ್ತಿದ್ದಳು. ನೀ ಚಿತ್ರ ತೆಗಿ, ನಾ ಕಥಿ ಬರೀತೇನಿ ಅಂದಿದ್ದು ಅವಳೇ, ಫೋನಿನಾಗ ಓದೂ ಕಥಿ, ವಿಷುಯಲ್ ನಾವೆಲ್ ಅಂತಾರ, ಚಿತ್ರ ಬರತೈತಿ, ಕೆಳಗ ಮಾತು ಬರತಾವ, ಒಂದು ಕಡೆ ನಿಂದರತೈತಿ, ಎರಡು ಸಾಲು ಕಾಣತಾವ, ನೀ ಯಾವುದು ಒತ್ತತಿ ಕಥಿ ಆ ದಾರಿ ಹಿಡೀತೈತಿ. ಮೂರು ವರ್ಷ ಹಿಡಿಯಿತು. ಕಥೆಯಲ್ಲಿ ಒಂದು ಸಣ್ಣ ಸ್ಟೇಶನ್ನು, ಅಲ್ಲಿ ಗಾಡಿ ನಿಲ್ಲುವುದು ಮೂರೇ ನಿಮಿಷ, ಹಾಲಿನ ಡಬ್ಬಿ ಹಿಡಿದು ಬಂದ ಹನ್ನೊಂದು ವರ್ಷದ ನೀಲಿ ಎಂಬ ಹುಡುಗಿ, ಬೆಂಚಿನ ಮೇಲೆ ಚಹಾದ ಕೆಟ್ಲಿ ಬಿಟ್ಟು ಗಾಡಿಯ ಮೆಟ್ಟಿಲಿಗೆ ಕಾಲಿಟ್ಟ ಅವಳ ಅಪ್ಪನ ಬೆನ್ನು. ಆಗ ಎರಡು ಸಾಲು ಬರುತ್ತವೆ, ಕೂಗು, ಸುಮ್ಮನಿರು. ಅಲ್ಲಿಂದ ಕವಲೊಡೆದು ಕವಲೊಡೆದು ಏಳು ಕೊನೆ. ಕೆಟ್ಲಿಯ ಎಡಗಡೆ ನೆಗ್ಗು ಇರಬೇಕು ಅಂದಿದ್ದಳು ಜಹೀರಾ, ಬಲಕ್ಕೆ ಬರೆದದ್ದಕ್ಕೆ ನಾಲ್ಕು ಸಲ ಅಳಿಸಲು ಹಚ್ಚಿದ್ದಳು, ಆಗಲೇ ತಿಳಿಯಬೇಕಿತ್ತು, ತಿಳಿದೂ ಇತ್ತು — ಜಹೀರಾಳ ಅಪ್ಪ ಬಾಬಾಸಾಬ ಗುಡಗೇರಿ ಸ್ಟೇಶನ್ನಿನಲ್ಲಿ ಚಹಾ ಮಾರುತ್ತಿದ್ದ, ಒಂದು ದಿನ ಗಾಡಿ ಹತ್ತಿ ಹೋದವ ತಿರುಗಿ ಬರಲಿಲ್ಲ ಎನ್ನುವುದನ್ನು ಊರೇ ಹೇಳುತ್ತಿತ್ತು. ಆದರೆ ಏಳರಲ್ಲಿ ನಿಜ ಯಾವುದು ಎಂದು ಸೌಂದರ್ಯಾ ಕೇಳಲಿಲ್ಲ. ಏಳಕ್ಕೂ ಚಿತ್ರ ಬರೆದಳು. ಆ ಬೆನ್ನನ್ನು ಎಷ್ಟು ಸಲ ಬರೆದಳೋ.

ಜನ ಓದಿದರು, ಎಲ್ಲೆಲ್ಲಿಯವರೋ. ಮೈಸೂರಿನ ಒಬ್ಬಾತ ನಾನು ಇನ್ನೂರು ಸಲ ಕೂಗಿದ್ದೀನಿ ಮೇಡಂ ಅಂತ ಬರೆದ. ಇದನ್ನು ಅನಿಮೆ ಮಾಡಿದರೆ ಹೇಗಿರುತ್ತೆ ಅಂತ ಯಾರೋ ಕೇಳಿದರು, ಆಗೋದೇ ಇಲ್ಲ, ಆರಿಸೋದನ್ನ ತೆಗೆದರೆ ಇದರಲ್ಲಿ ಏನು ಉಳಿಯುತ್ತೆ ಅಂತ ಇನ್ನೊಬ್ಬರು ಜಗಳಕ್ಕೇ ಬಿದ್ದರು, ಆ ಜಗಳ ಓದುತ್ತಲೇ ಪುಣೆಯ ಸ್ಟುಡಿಯೋದಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಗೌರೀಶ ಫೋನು ಮಾಡಿದ್ದು. ಏಳೂ ತೋರಿಸಾಕ ಬರೂದಿಲ್ರಿ ಮೇಡಂ, ನೋಡೋರ ಕೈಯಾಗ ಬಟನ್ ಇರೂದಿಲ್ಲ, ಒಂದs ದಾರಿ ಹೇಳ್ರಿ. ಜಹೀರಾಳಿಗೆ ಹೇಳಿದರೆ ಆಗೂದಿಲ್ಲ ಅಂದಳು, ಅಷ್ಟೇ, ಒಂದು ತಿಂಗಳು ಅದರ ಮಾತೇ ಎತ್ತಲಿಲ್ಲ, ಆ ತಿಂಗಳಲ್ಲೇ ಸೌಂದರ್ಯಾ ಬಾಗಿಲು ಹಾಕಿಕೊಂಡು ನಾಲ್ಕನೆಯ ಕೊನೆಯನ್ನು ಚಲಿಸುವಂತೆ ಬರೆದು ಕಳಿಸಿಬಿಟ್ಟಳು, ನೀಲಿ ಕೂಗುತ್ತಾಳೆ, ಅಪ್ಪ ನಿಲ್ಲುತ್ತಾನೆ, ತಿರುಗುತ್ತಾನೆ, ಇಳಿಯುತ್ತಾನೆ. ಅಗದಿ ಬೆಸ್ಟ್ ಆಗೈತ್ರಿ, ಕಥಿ ಬರೆದವರದು ಒಂದು ಸಹಿ ತಗೊಂಡು ಬರ್ರಿ ಅಂದ ಗೌರೀಶ. ಆ ಸಹಿಗೇ ಈ ಗಾಡಿ — ನಿಂತಿತೇನು, ಹೌದು, ಗುಡಗೇರಿ, ಹಳದಿ ಹಲಗೆ, ಅವಳು ಇಷ್ಟು ಸಲ ಬರೆದ ಬೆಂಚು, ಅದರ ಮೇಲೆ ಯಾರೋ ಕೂತು ಬಾಳೆಹಣ್ಣು ತಿನ್ನುತ್ತಿದ್ದರು.

ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ಜಹೀರಾಳ ಮನೆ, ಮುಂದಿನ ಕೋಣೆಯಲ್ಲಿ ಅರ್ಜಿ ತುಂಬಿ ಕೊಡುವ ಕಂಪ್ಯೂಟರ್ ಅಂಗಡಿ, ಸಂತೆಯ ದಿನ ಅಲ್ಲ, ಯಾರೂ ಇಲ್ಲ, ಒಳಗೆ ಜಹೀರಾಳ ತಾಯಿ ಖಾತುನಬಿ ರೊಟ್ಟಿ ಬಡಿಯುವ ಸದ್ದು. ಬಾರವ್ವಾ, ಒಳಗs ಬಾ, ಬಿಸಿ ರೊಟ್ಟಿ ತಿನ್ನುವಂತಿ — ಮಗಳೊಡನೆ ಉರ್ದು ಆಡುತ್ತಿದ್ದ ಮುದುಕಿ ಸೌಂದರ್ಯಾಳನ್ನು ಕಂಡರೆ ಕನ್ನಡಕ್ಕೆ ಹೊರಳುತ್ತಿದ್ದಳು. ಖುಷಿಯ ಸುದ್ದಿ ಮೊದಲು ಎಂದುಕೊಂಡದ್ದೆಲ್ಲ ಬಾಯಿಗೆ ಬರಲೇ ಇಲ್ಲ, ಜಹೀರಾ, ತಪ್ಪು ಮಾಡೇನಿ, ಇದನ್ನ ನೋಡು ಎಂದು ಫೋನು ಮುಂದೆ ಹಿಡಿದಳು. ಒಲೆಯ ಎದುರಿನ ಮಣೆಯ ಮೇಲೆ ಕೂತು ಜಹೀರಾ ನೋಡಿದಳು, ಒಂದು ನಿಮಿಷ ಹತ್ತು ಸೆಕೆಂಡು. ಮತ್ತೆ ಮೊದಲಿನಿಂದ ನೋಡಿದಳು. ಅವಳ ಹೆಬ್ಬೆರಳು ಆ ಎರಡು ಸಾಲು ಬರಬೇಕಾದ ಜಾಗ ಬಂದಾಗ ಗಾಜಿನ ಮೇಲೆ ಇಳಿಯಿತು, ಒತ್ತಲು ಅಲ್ಲಿ ಏನೂ ಇರಲಿಲ್ಲ, ಚಿತ್ರ ತನ್ನ ಪಾಡಿಗೆ ಮುಂದೆ ಹೋಯಿತು. ಹಿಂಗ ಆಗಲಿಲ್ಲಲೇ ಸೌಂದರ್ಯಾ, ನಾ ಕೂಗಲಿಲ್ಲ. ಸಿಟ್ಟಿನ ದನಿಯಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಏನದು, ಏನ್ ನೋಡಾಕ ಹತ್ತೀರಿ ಎಂದು ಖಾತುನಬಿ ಹಿಟ್ಟಿನ ಕೈಯಲ್ಲೇ ಬಗ್ಗಿದಳು. ಜಹೀರಾ ಫೋನು ಬೋರಲು ಹಾಕಿದಳು, ಇಷ್ಟು ವರ್ಷ ತಾಯಿಗೆ ತೋರಿಸದೇ ಇಟ್ಟದ್ದು, ಆದರೆ ಸೌಂದರ್ಯಾಳ ನಾಲಗೆ ಆಗಲೇ ಹೇಳುತ್ತಿತ್ತು, ನಮ್ಮ ಕಥಿ ಕಾಕೂ, ಒಬ್ಬಾಕಿ ಹುಡುಗಿ, ಅವರಪ್ಪ ಗಾಡಿ ಹತ್ತಾಕ ಹತ್ಯಾನ, ಹುಡುಗಿ ಕೂಗಿದರ ಆಂವ ಹೊಳ್ಳಿ ನೋಡ್ತಾನ, ಕೂಗಲಿಲ್ಲಂದ್ರ ಹೋಗಿಬಿಡ್ತಾನ.

ರೊಟ್ಟಿ ಬಡಿಯುವ ಸದ್ದು ನಿಂತಿತು. ಯಾರು ಹೇಳಿದರು ನಿಮಗ, ಕೂಗಿದರ ನಿಂದರತಿದ್ದಾ ಅಂತ? ಖಾತುನಬಿ ಸೌಂದರ್ಯಾಳನ್ನು ಕೇಳಿದಳು, ನೋಡಿದ್ದು ಮಗಳನ್ನು. ಹೇಳು ಜಹೀರಾ, ಇಷ್ಟ್ ವರ್ಷ ಇದನ್ನ ಹೊತಗೊಂಡು ಅಡ್ಡಾಡೀಯೇನು? ನಿಮ್ಮಪ್ಪ ಹೋಗತಾನ ಅನ್ನೂದು ನನಗ ಹಿಂದಿನ ದಿನಾನs ಗೊತ್ತಿತ್ತವ್ವಾ, ಅದಕ್ಕs ಹಾಲಿನ ನೆವಾ ಮಾಡಿ ನಿನ್ನ ಸ್ಟೇಶನ್ನಿಗೆ ಕಳಿಸಿದೆ, ಕೂಸಿನ ಮಾರಿ ನೋಡಿದರ ಕಾಲು ಏಳೂದಿಲ್ಲ ಅಂತ. ನೋಡಿದಾ ಆಂವ. ನೋಡಿದಾ ನಿನ್ನ. ಶೇಂಗಾ ಮಾರೂ ಮೈಲಾರವ್ವ ಅಲ್ಲೇ ಬಾಜೂಕ ಕುಂತಿದ್ಲು, ಆಕಿನs ನನಗ ಹೇಳ್ಯಾಳ, ನೀ ಗೇಟಿನಾಗ ಬಂದದ್ದು ನೋಡಿದಾ, ಹೆಗಲ ಮ್ಯಾಲಿನ ಟವಲು ಮಾರಿ ಮ್ಯಾಲೆ ಎಳಕೊಂಡಾ, ಆಮ್ಯಾಲೆ ಹೊಳ್ಳಿದಾ. ನಿನಗ ಬರೇ ಬೆನ್ನು ಕಂಡೈತಿ. ಜಹೀರಾ ಎಲ್ಲೋ ದೂರದಿಂದ ಕೇಳಿದಂತೆ ಕೇಳಿದಳು, ಕೂಗಿದ್ರ? ಕೂಗಿದ್ರೂ ಹೋಗತಿದ್ದಾ, ಎಂದಳು ತಾಯಿ. ನನಗ ಯಾಕ ಹೇಳಲಿಲ್ಲಮ್ಮಾ? ನಿಮ್ಮಪ್ಪ ನಿನ್ನ ಕಂಡೂ ಹ್ವಾದಾ ಅಂತ ಹನ್ನೊಂದು ವರ್ಷದ ಕೂಸಿಗೆ ಹೆಂಗ ಹೇಳ್ಲಿ, ಕಾಣಲಾರದs ಹ್ವಾದಾ ಅಂತ ತಿಳಕೊಂಡರ ನಿನಗ ಸ್ವಲ್ಪ ಹಗುರ ಆದೀತು ಅಂದಕೊಂಡೆ — ನೀ ಹಿಂಗ ತಿಳಕೊಂಡೀ ಅಂತ ನನಗೇನ್ ಗೊತ್ತು, ಅಲ್ಲಾನ ಆಣಿ ಗೊತ್ತಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಬರುತ್ತಿತ್ತು, ಮೂವರೂ ಅದನ್ನು ನೋಡುತ್ತಿದ್ದರು, ಯಾರೂ ತೆಗೆಯಲಿಲ್ಲ, ಟವಲು ಎಳೆದುಕೊಂಡ ಎಂದಳಲ್ಲ, ಎಡಗೈಯಲ್ಲೋ ಬಲಗೈಯಲ್ಲೋ, ಬಲಗೈಯಲ್ಲಿ ನಾನು ಚೀಲ ಬರೆದಿದ್ದೆನಲ್ಲ, ಹಾಗಾದರೆ ಎಡಗೈ — ಛೇ, ಇಂಥ ಹೊತ್ತಿನಲ್ಲಿ ಇದೇನು ನನ್ನ ತಲೆ, ಎಂದು ತನ್ನನ್ನೇ ಬೈದುಕೊಂಡಳು ಸೌಂದರ್ಯಾ, ಬೈದರೂ ಟವಲು ಹೋಗಲಿಲ್ಲ. ಕೊನೆಗೆ ಜಹೀರಾಳೇ ಬರಿಗೈಯಲ್ಲಿ ಸುಟ್ಟ ರೊಟ್ಟಿ ತೆಗೆದು ಬಾಜು ಇಟ್ಟು, ತಾಯಿಯ ಹಿಟ್ಟಿನ ಕೈ ಹಿಡಿದುಕೊಂಡು ಅದರ ಮೇಲೆ ಹಣೆ ಊರಿದಳು, ಸದ್ದೇ ಇಲ್ಲ, ಬೆನ್ನು ಮಾತ್ರ ಏರಿ ಇಳಿಯುತ್ತಿತ್ತು. ಎದ್ದಾಗ ಹಣೆಯ ಮೇಲೆ ಬಿಳಿ ಜೋಳದ ಹಿಟ್ಟು. ಹಂಗಾರ ಏಳು ಎಲ್ಲಿಂದ ಬರತಾವ, ಒಂದs ಕೊನಿ, ಎಂದಳು. ನಾಕನೇದ್ದು ಬ್ಯಾಡ. ಈಗ ಅಮ್ಮಾ ಹೇಳಿದ್ದನ್ನ ಚಿತ್ರ ತೆಗಿ, ಇದನ್ನ ಮಾಡತೀನಿ ಅಂದ್ರ ಸಹಿ ಹಾಕತೇನಿ. ಗೌರೀಶ ಬ್ಯಾಡ ಅಂದರ? ಅಂದರ ಅನ್ನಲಿ, ನೀ ಅಂತೀಯೇನು? ಸೌಂದರ್ಯಾ ಇಲ್ಲ ಎಂದು ತಲೆಯಾಡಿಸಿದಳು, ಕೇಳದs ಕಳಿಸಿದ್ದು ನಂದು ತಪ್ಪು ಎಂದಳು, ಹೌದು ತಪ್ಪs ಎಂದಳು ಜಹೀರಾ, ರೊಟ್ಟಿ ತಿನ್ನು.

ಸಂಜೆಯ ಗಾಡಿಗೆ ಇನ್ನೂ ಅರ್ಧ ಗಂಟೆ. ಸ್ಟೇಶನ್ನಿನ ಬೆಂಚಿನ ಮೇಲೆ ಕೂತೇ ಸೌಂದರ್ಯಾ ಗೌರೀಶನಿಗೆ ಫೋನಿನಲ್ಲಿ ಎಲ್ಲ ಹೇಳಿದಳು, ಮೇಡಂ ಆ ಟವಲಿನ ಶಾಟ್ ಒಂದು ನಾಳಿ ಕಳಸ್ರಿ, ಅದನ್ನ ನೋಡಿದ ಮ್ಯಾಲೆ ನಮ್ಮವರು ನಾಕನೇ ಕೊನಿ ಕೇಳೂದಿಲ್ಲ, ಆದ್ರ ಅವನ ಮಾರಿ ಕಾಣಬೇಕ್ರಿ, ಎಂದ. ಮಾರಿ. ಇಷ್ಟು ವರ್ಷ ಬೆನ್ನಷ್ಟೇ ಬರೆದಿದ್ದಳು, ಬೆನ್ನು ಸುಲಭ. ಪೆನ್ಸಿಲ್ ತೆಗೆದಳು. ಮೂರು ಸೆಕೆಂಡು ಎಂದರೂ ಮೂವತ್ತಾರು ಚಿತ್ರ, ಮೊದಲನೆಯದರಲ್ಲಿ ಟವಲು ಹೆಗಲ ಮೇಲಿದೆ, ಎಡಗೈ ಏಳುತ್ತಿದೆ, ಆರನೆಯದರಲ್ಲಿ ತುದಿ ಹಿಡಿದಿದ್ದಾನೆ, ಹತ್ತರಲ್ಲಿ ಗದ್ದ ಮುಚ್ಚಿತು, ಜಹೀರಾಳದೇ ಗದ್ದ, ಮೀಸೆ ಬರೆದಳು, ಹದಿನೈದರಲ್ಲಿ ಟವಲು ಮೀಸೆಯ ಮೇಲೆ ಬಂತು, ತುಟಿಗಳು ಹೋದವು, ಏನೋ ಹೇಳಲು ಹೊರಟಿದ್ದವೇನೋ ಗೊತ್ತಿಲ್ಲ, ಹದಿನೆಂಟರಲ್ಲಿ ಮೂಗು — ಈಗ ಟವಲಿನ ಅಂಚು ಕಣ್ಣಿನ ಕೆಳಗೆ ನಿಂತಿದೆ, ಮೇಲೆ ಎರಡು ಕಣ್ಣು ಉಳಿದಿವೆ, ಗೇಟಿನಲ್ಲಿ ಹಾಲಿನ ಡಬ್ಬಿ ಹಿಡಿದು ನಿಂತವಳನ್ನು ನೋಡುತ್ತಿವೆ, ಇನ್ನೊಂದು ಗೆರೆ ಎಳೆದರೆ ಮುಚ್ಚಿಹೋಗುತ್ತವೆ, ಎಳೆಯಬೇಕು, ಗಾಡಿಯ ಸದ್ದು ಬಂತು, ಜನ ಎದ್ದರು, ಎಳೆಯಬೇಕು, ಟವಲಿನ ಅಂಚು, ಎರಡು ಕಣ್ಣು, ಟವಲಿನ ಅಂಚು, ಎರಡು ಕಣ್ಣು —