ಕರಪತ್ರದ ತಿರುಳು

ಐಗಳಿಯ ಸರಕಾರಿ ಶಾಲೆಯಲ್ಲಿ ಏಳನೆಯ ತರಗತಿಗೆ ಕನ್ನಡ ಕಲಿಸುವ ಫರಹೀನಳಿಗೆ ಹೆಡ್ ಮಾಸ್ತರ ವಿರುಪಾಕ್ಷಪ್ಪನವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಎದುರಿನವರಲ್ಲಿ ಒಂದಿಷ್ಟಾದರೂ ಸರಕು ಇರಬೇಕು. ಆ ಮನುಷ್ಯ ನೌಕರಿ ಸೇರಿದಂದಿನಿಂದ ಗೈಡ್ ನೋಡಿಯೇ ಸಾರಾಂಶ ಬರೆಸಿದ್ದರು, ಮಕ್ಕಳು ಗಿಳಿಗಳಂತೆ ಒಪ್ಪಿಸಿದ್ದವು. ಯಾವ ಪಾಠದ ತಿರುಳು ಕೇಳಿದರೂ ಉತ್ತರ ಒಂದೇ: "ನಾವು ಒಳ್ಳೆಯವರಾಗಿ ಬಾಳಬೇಕು." ಇರುವೆಯ ಪಾಠಕ್ಕೂ ಅದೇ, ಉಪಗ್ರಹದ ಪಾಠಕ್ಕೂ ಅದೇ.

ಹೀಗಿರುವಾಗ ದ್ರಾಕ್ಷಿ ತೋಟದ ಧಣಿ ಆಬಾಸಾಹೇಬರು ಶಾಲೆಗೆ ನೀರಿನ ಫಿಲ್ಟರ್ ದಾನ ಕೊಟ್ಟರು. ಹಾರ, ಶಾಲು, ಫೋಟೊ ಎಲ್ಲ ಆಯಿತು. ನಳ ಜೋಡಿಸುವುದೊಂದು ಉಳಿಯಿತು. ಮಕ್ಕಳಿಗೆ ಬಣ್ಣಬಣ್ಣದ ಕರಪತ್ರ ಹಂಚಿದರು. ಅದರಲ್ಲಿ ಸಾಹೇಬರ ಅಜ್ಜನ ಔದಾರ್ಯ, ಅಪ್ಪನ ಕುಸ್ತಿ, ತಾಯಿಹಾಲಿನಂಥ ಫಿಲ್ಟರ್ ನೀರು, ಏನುಂಟು ಏನಿಲ್ಲ!

"ಇದನ್ನೂ ಓದಸ್ರಿ ಟೀಚರ, ಹುಡುಗರಿಗೆ ಸಂಸ್ಕಾರ ಬರ್ತೈತಿ," ಎಂದರು ವಿರುಪಾಕ್ಷಪ್ಪ.

ಓದಿಸಿಯೇ ಬಿಡುತ್ತೇನೆ ಎಂದುಕೊಂಡು ಫರಹೀನ ತರಗತಿಗೆ ಹೋದಳು.

"ಇದು ಏನ ಹೇಳಾಕತ್ತೈತಿ? ಒಂದ ಮಾತಿನಾಗ ಹೇಳ್ರಿ."

"ನಾವು ಒಳ್ಳೆಯವರಾಗಿ ಬಾಳಬೇಕ್ರಿ!" ಇಡೀ ತರಗತಿ ರಾಗ ಎಳೆಯಿತು.

"ನನ್ನ ಹಣೇಬರಹ! ಪೆನ್ಸಿಲ್ ತಗೋರಿ. ಯಾವ ಸಾಲು ತಗದ್ರೂ ಹೇಳೂ ಮಾತ ಕೆಡಂಗಿಲ್ಲೋ, ಅದನ್ನ ಹೊಡದ ಹಾಕ್ರಿ. ಯಾವುದು ಇಲ್ಲಂದ್ರ ಉಳಿದದ್ದೆಲ್ಲಾ ಯಾಕ ಬರದಾರ ಅನ್ನೂದ ತಿಳಿಯಂಗಿಲ್ಲೋ, ಅದನ್ನ ಇಡ್ರಿ."

ಮೊದಲು ಅಜ್ಜ ಹೋದ. ಕುಸ್ತಿಯೂ ಹೋಯಿತು. ಬಿಲಾಲ ತಲೆ ಕೆರೆದುಕೊಂಡ.

"ಟೀಚರ, ನೀರಿನ ಸಾಲೂ ಹೊಡೀಲೇನ್ರಿ?"

"ಹೊಡದ ನೋಡು. ಏನಾರ ಕೆಡ್ತೈತೇನು?"

"ಏನೂ ಕೆಡಂಗಿಲ್ರಿ. ಹೆಂಗೂ ಫಿಲ್ಟರಿನ್ಯಾಗ ನೀರ ಬರಾಕತ್ತಿಲ್ಲಲ್ರಿ."

ಹುಡುಗರು ಬಿದ್ದು ಬಿದ್ದು ನಕ್ಕರು. ಕೊನೆಗೆ ಒಂದೇ ಸಾಲು ಉಳಿಯಿತು: "ಬರುವ ದಿನಗಳಲ್ಲಿ ತಮ್ಮ ಆಶೀರ್ವಾದ ನನ್ನ ಮೇಲಿರಲಿ." ಕೋಮಲ ಎದ್ದು ನಿಂತಳು.

"ಸಾಹೇಬ್ರು ಇಲೆಕ್ಷನ್ನಿಗೆ ನಿಂದರಾವ್ರ ಅದಾರ, ಓಟ ಹಾಕ್ರಿ ಅನ್ನಾಕತ್ತಾರ್ರಿ. ಉಳಿದದ್ದೆಲ್ಲಾ ಬೆಣ್ಣಿ."

ಗೈಡಿನಲ್ಲಿಲ್ಲದ ಮಾತೊಂದು ಆ ಗೋಡೆಗಳ ನಡುವೆ ಕೇಳಿಸಿದ್ದು ಅದೇ ಮೊದಲು. ಫರಹೀನ ನಗು ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಆ ಮಾತು ಚಹಾದಂಗಡಿಯ ಬೆಂಚಿನ ಮೇಲಿತ್ತು. ವಿರುಪಾಕ್ಷಪ್ಪನವರು ಬೆವರು ಒರೆಸುತ್ತ ಬಂದರು.

"ನೌಕರಿ ಬೇಕೋ ಬ್ಯಾಡೋ ನಿಮಗ? ಹೋಗಿ ಸಾಹೇಬ್ರಿಗೆ ಕೈ ಮುಗದ ಬರ್ರಿ."

"ಹುಡುಗಿ ಹೇಳಿದ್ರಾಗ ತಪ್ಪೇನೈತಿ ಹೇಳ್ರಿ ಸರ."

"ತಪ್ಪಿಲ್ಲ! ಅದಕ್ಕ ಅಂಜಿಕಿ!"

ಅವರ ಬಾಯಿಂದ ಇಷ್ಟು ಚೊಕ್ಕ ಮಾತು ಫರಹೀನ ಎಂದೂ ಕೇಳಿರಲಿಲ್ಲ.

ಅಷ್ಟರಲ್ಲಿ ಆಬಾಸಾಹೇಬರ ಗಾಡಿಯೇ ಬಂದು ನಿಂತಿತು. ಇಸ್ತ್ರಿ ಮುರಿಯದ ಬಿಳಿ ಅಂಗಿಯ ಸಾಹೇಬರು ಸಿಟ್ಟು ತೋರಿಸಲಿಲ್ಲ, ಊರು ನೋಡುತ್ತಿದೆಯಲ್ಲ. ಕೋಮಲಳನ್ನು ಕರೆಸಿ ತಲೆ ಸವರಿದರು.

"ಶಾಬಾಸ್ ಮಗಳ! ಈ ಕರಪತ್ರ ಊರ ತುಂಬ ಹಂಚೇನಿ, ಒಬ್ಬರಿಗೂ ತಿಳೀಲಿಲ್ಲ. ನಿನಗ ತಿಳೀತು ನೋಡು."

"ಎಲ್ಲಾರಿಗೂ ತಿಳದಿತ್ರಿ ಕಾಕಾ," ಎಂದಳು ಕೋಮಲ. "ಯಾರೂ ಬಾಯಿ ಬಿಡಲಿಲ್ಲ, ಅಷ್ಟ."

ಸಾಹೇಬರ ನಗೆ ಮುಖದ ಮೇಲೆಯೇ ಒಣಗಿತು. ಶಾಬಾಸ್ ಎಂಬುದೊಂದೇ ಕಿವಿಗೆ ಬಿದ್ದಿದ್ದ ವಿರುಪಾಕ್ಷಪ್ಪ ನಡುವೆ ಬಾಯಿ ಹಾಕಿದರು: "ನಮ್ಮ ಸಾಲಿ ಹುಡುಗ್ರು ಭಾಳ ಚುರುಕ್ರಿ ಸಾಹೇಬ್ರ. ಇದನ್ನೆಲ್ಲಾ ನಾನ ಕಲಿಸೇನ್ರಿ!"

ಸಾಹೇಬರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವ ಕಲಿಸೀರಿ? ಹಂಗಾರ ನಿಮ್ಮನ್ನ ನೆನಪಿಡ್ತೇನಿ," ಎಂದು ಗಾಡಿ ಹತ್ತಿದರು. ಹೆಡ್ ಮಾಸ್ತರರ ಮುಖ ಸುಣ್ಣವಾಯಿತು. ಊರು ಇನ್ನಷ್ಟು ನಗಬಾರದೆಂದು ಸಂಜೆಯೊಳಗೆ ನಳ ಜೋಡಿಸುವವನೂ ಬಂದ.

ಫರಹೀನ ಯಾರಿಗೂ ಕೈ ಮುಗಿಯಲಿಲ್ಲ. ಮರುದಿನ ತರಗತಿಯ ಬಾಗಿಲಿಗೆ ಬಂದರೆ, ಒಳಗೆ ಬಿಲಾಲ, ಕೋಮಲ ಹೊಸ ಪಾಠದ ತಿರುಳಿಗಾಗಿ ಜಗಳ ತೆಗೆದಿದ್ದರು. ಇಬ್ಬರೂ ತಪ್ಪೇ ಹೇಳುತ್ತಿದ್ದರು. ಆದರೆ ಆ ತಪ್ಪು ಅವರ ಸ್ವಂತದ್ದಾಗಿತ್ತು. ಅವಳು ಸ್ವಲ್ಪ ಹೊತ್ತು ಹೊರಗೇ ನಿಂತಳು.